ಎಂತ ಕಡಿಮೆ ಆದದ್ದು ನಿನಗೆ?

ನಾಗದೇವರೇ, ತನು ಎರೆದಾಯಿತು. ಹಾಲು, ಸೀಯಾಳ, ಅರಸಿನ ಎಲ್ಲ ನಿನ್ನ ಕಲ್ಲಿನ ಮೈಮೇಲೆ ಇಳಿದು ಮಣ್ಣು ಸೇರಿತು. ಭಟ್ಟರು ಮಂಗಳಾರತಿ ಮುಗಿಸಿ ಮುಂದಿನ ಬನಕ್ಕೆ ಹೊರಟರು. ಪಂಚಮಿಯ ದಿನ ಅವರಿಗೆ ಪುರುಸೊತ್ತು ಎಲ್ಲಿಂದ ಬರಬೇಕು. ಮನೆಯವರು ಮಳೆ ಜೋರಾಗುವ ಮೊದಲೇ ಹೋದರು. ನಾನೊಬ್ಬಳು ಉಳಿದಿದ್ದೇನೆ. ಹರಿವಾಣದಲ್ಲಿ ಬಾಳೆಲೆ ಮುಚ್ಚಿಟ್ಟ ಒಂದು ಚೆಂಡು ಮಲ್ಲಿಗೆ ಇದೆ. ಅದನ್ನು ಬೇಕೆಂದೇ ಉಳಿಸಿಕೊಂಡೆ. ಅದರ ಹಿಂದಿನ ಸಂಗತಿ ಹೇಳದೆ ಕೊಟ್ಟರೆ ಕೊಟ್ಟಂತಾಗುವುದಿಲ್ಲ. ಸ್ವಲ್ಪ ಹೊತ್ತು ನನ್ನ ಮಾತು ಕೇಳು.

ನಮ್ಮ ಅಮ್ಮ ಹೂ ಕಟ್ಟುವವಳು ಎಂಬುದು ನಿನಗೆ ಗೊತ್ತಿದೆ. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಕೊಯ್ದು, ನೀರಿನಲ್ಲಿ ನೆನೆಸಿದ ಬಾಳೆನಾರು ಹಿಡಿದು ಜಗಲಿಯಲ್ಲಿ ಕೂತರೆ ಅವಳ ಬೆರಳು ಬೇರೆ, ಅವಳ ಮಾತು ಬೇರೆ. ನಮ್ಮ ಪಾಠ ಕೇಳುತ್ತಿದ್ದಳು, ದನಕ್ಕೆ ಹುಲ್ಲು ಹಾಕಲು ಕೂಗಿ ಹೇಳುತ್ತಿದ್ದಳು, ಬೆರಳು ಮಾತ್ರ ಎರಡು ಮೊಗ್ಗು ಈಚೆ, ಎರಡು ಮೊಗ್ಗು ಆಚೆ ಇಟ್ಟು ಗಂಟು ಬಿಗಿಯುತ್ತಲೇ ಇರುತ್ತಿತ್ತು. 1987ರಲ್ಲಿ, ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಆ ಬೆರಳು ನಿಂತಿತು. ನಾರು ಕೈಯಲ್ಲೇ ಇತ್ತು. ಮೊಗ್ಗು ಬುಟ್ಟಿಯಲ್ಲೇ ಅರಳಿತು. ಅಮ್ಮ ಅಳುತ್ತಿರಲಿಲ್ಲ. ದುಃಖವೆಂದರೆ ಅಳು ಎಂದುಕೊಂಡಿದ್ದ ನಾವು ಯಾರೂ ಅದನ್ನು ದುಃಖವೆಂದು ಗುರುತಿಸಲಿಲ್ಲ. ಏನಾದರೂ ಕೇಳಿದರೆ ಉತ್ತರ ತಡವಾಗಿ ಬರುತ್ತಿತ್ತು, ಬಂದರೂ ಅರ್ಧ. ಕೆಲಸ ಮಾಡಲು ಅವಳಿಗೆ ಮನಸ್ಸಿರಲಿಲ್ಲ ಎಂದಲ್ಲ. ಮನಸ್ಸು ಮಾಡುವುದಕ್ಕೆ ಬೇಕಾದದ್ದೇ ಅವಳಲ್ಲಿ ಉಳಿದಿರಲಿಲ್ಲ.

ಅಜ್ಜಿ ‘ಮಂಡೆ ಸಮ ಇಲ್ಲ’ ಅಂದರು. ದೊಡ್ಡಪ್ಪ ಜಗಲಿಯ ತುದಿಯಲ್ಲಿ ನಿಂತು, ‘ಎಂತ ಕಡಿಮೆ ಆದದ್ದು ನಿನಗೆ? ಉಣ್ಣಲಿಕ್ಕಿಲ್ವಾ, ಉಡಲಿಕ್ಕಿಲ್ವಾ?’ ಎಂದು ಕೇಳಿದರು. ಅದು ಪ್ರಶ್ನೆಯ ರೂಪದಲ್ಲಿದ್ದ ಗದರಿಕೆ. ಉತ್ತರಕ್ಕಾಗಿ ಅವರು ಕಾಯಲೂ ಇಲ್ಲ. ಆಮೇಲೆ ಕವಡೆ ಹಾಕಿಸಿದರು. ಅಜ್ಜನ ಕಾಲದಲ್ಲಿ ಬನದ ಅಂಚಿನ ಮರ ಕಡಿದದ್ದು ಕಂಡುಬಂತು. ನಿನ್ನ ಕೋಪ ಎಂದರು. ಆಶ್ಲೇಷಾ ಬಲಿ ಆಯಿತು. ಒಂದೂವರೆ ವರ್ಷದ ಮೇಲೆ ಒಂದು ದಿನ ಅಮ್ಮ ತಾನಾಗಿ ನಾರು ನೆನೆಸಿದಳು. ನಾಗ ಶಾಂತನಾದ ಎಂದರು.

ಸ್ವಾಮಿ, ಮೊದಲಿಗೆ ಅದಕ್ಕೆ ಕ್ಷಮೆ ಕೇಳುತ್ತೇನೆ. ನಿನ್ನ ಪಾಡಿಗೆ ನೀನು ಮರದಡಿಯಲ್ಲಿ ಇದ್ದೆ. ಹೂ ಕಟ್ಟುವ ಹೆಂಗಸೊಬ್ಬಳ ಬೆರಳನ್ನು ನೀನು ಹಿಡಿದು ನಿಲ್ಲಿಸಿದೆ ಎಂದು ನಾವು ಊರೆಲ್ಲ ಹೇಳಿಕೊಂಡು ತಿರುಗಿದೆವು. ಆ ಒಂದೂವರೆ ವರ್ಷ ಅಮ್ಮನೂ ನಿನ್ನ ಶಾಪ ಹೊತ್ತವಳು ನಾನೇ ಎಂದು ನಂಬಿದ್ದಳು. ಕಾಯಿಲೆಯ ಭಾರ ಸಾಲದೆಂಬಂತೆ ತಪ್ಪಿನ ಭಾರವನ್ನೂ ಅವಳ ತಲೆಗೆ ಏರಿಸಿದೆವು.

ನಿನ್ನ ಕಲ್ಲಿನ ಎಡಗಡೆ, ಹುತ್ತಕ್ಕೆ ತಾಗಿದ ನೆರಳಿನಲ್ಲಿ, ಮೊಣಕಾಲೆತ್ತರದ ಗಿಡಗಳಿವೆ. ಗೆಣ್ಣಿಗೆ ಮೂರು ಮೂರು ಎಲೆ. ಬಿಳಿ ಹೂವು, ಹೂವಿನ ತೊಟ್ಟು ಕೆಂಪು. ಕಾಯಿ ಹಣ್ಣಾದರೆ ಕಪ್ಪು ನೇರಳೆ ಬಣ್ಣ. ಬಾಲ್ಯದಿಂದ ಅದರ ಪಕ್ಕದಲ್ಲೇ ನಿಂತು ಕೈಮುಗಿದವಳಿಗೆ ಅದರ ಹೆಸರು ಗೊತ್ತಾದದ್ದು ಔಷಧಶಾಸ್ತ್ರ ಓದಲು ಪೇಟೆಗೆ ಹೋದ ಮೇಲೆ. ಸರ್ಪಗಂಧಿ. ಹಳಬರು ಸೂತ್ರನಾಭಿ ಎನ್ನುತ್ತಾರೆ. ನಿನ್ನ ಹೆಸರನ್ನೇ ಇಟ್ಟುಕೊಂಡ ಗಿಡ. ಬೇರೆ ಕಡೆ ಬೇರಿಗಾಗಿ ಅಗೆದು ಅಗೆದು ಅದು ಎಷ್ಟು ಅಪರೂಪವಾಯಿತೆಂದರೆ ದೇಶದಿಂದ ದೇಶಕ್ಕೆ ಮಾರುವುದಕ್ಕೂ ಕಟ್ಟುಪಾಡು ಬಂತು. ಇಲ್ಲಿ ಉಳಿದಿದೆ, ಬನದೊಳಗೆ ಕತ್ತಿ ಹಾಕಬಾರದೆಂಬ ಭಯದಿಂದ. ಅಂಥ ಭಯ ನಮಗೆ ಇದ್ದದ್ದು ಒಳ್ಳೆಯದೇ ಆಯಿತು.

ಈ ಬೇರು ಹೋದ ದಾರಿಯನ್ನು ನಿನ್ನ ಎದುರಿಗೆ ಹೇಳಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ.

ಬಿಹಾರದ ಕಡೆ ಇದನ್ನು ಹುಚ್ಚಿನ ಮದ್ದೆಂದೇ ಕರೆಯುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ಇಬ್ಬರು ವೈದ್ಯರು, ಕೆರಳಿದ ಮನಸ್ಸನ್ನೂ ಏರಿದ ರಕ್ತದೊತ್ತಡವನ್ನೂ ಈ ಬೇರು ಇಳಿಸುತ್ತದೆ ಎಂದು ಬರೆದರು. ಅದೇ ವರ್ಷ ದಿಲ್ಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಇದರಿಂದ ಒಂದು ಸಾರ ತೆಗೆದು, ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. 1949ರಲ್ಲಿ ಬೊಂಬಾಯಿಯ ರುಸ್ತುಂ ವಕೀಲ್ ರಕ್ತದೊತ್ತಡದ ರೋಗಿಗಳ ಮೇಲಿನ ತಮ್ಮ ಅನುಭವವನ್ನು ಬ್ರಿಟನ್ನಿನ ಹೃದ್ರೋಗದ ಪತ್ರಿಕೆಯಲ್ಲಿ ಬರೆದ ಮೇಲೆ ಹೊರಗಿನವರು ಕಿವಿಗೊಟ್ಟರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಮುಖ್ಯ ಸಾರವನ್ನು ಬೇರ್ಪಡಿಸಿದರು. ಅದು ರೆಸರ್ಪಿನ್. ಸರ್ಪ ಅಲ್ಲಿಯೂ ಹೆಸರಿನೊಳಗೆ ಉಳಿದುಕೊಂಡಿತು.

ಆ ರೆಸರ್ಪಿನ್ ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯನ್ನು ತಲುಪಿತು. ಅಲ್ಲಿ ಬರ್ನಾರ್ಡ್ ಬ್ರೋಡಿ ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಹೊಸದೊಂದು ಯಂತ್ರವಿತ್ತು. ಬೆಳಕು ಹಾಯಿಸಿದಾಗ ವಸ್ತು ಮರಳಿ ಬೀರುವ ಹೊಳಪಿನಿಂದ ಅದರ ಪ್ರಮಾಣ ಅಳೆಯುವ ಯಂತ್ರ. ರೆಸರ್ಪಿನ್ ಕೊಟ್ಟ ಪ್ರಾಣಿಯ ಮಿದುಳಿನಲ್ಲಿ ಸೆರೊಟೋನಿನ್ ಎಂಬ ವಸ್ತು ಬರಿದಾಗುವುದನ್ನು ಅವರು 1955ರಲ್ಲಿ ಕಂಡರು. ಸೆರೊಟೋನಿನ್ ಸಸ್ತನಿಗಳ ಮಿದುಳಿನಲ್ಲಿ ಇದೆ ಎಂಬುದೇ ಗೊತ್ತಾಗಿ ಆಗ ಎರಡು ವರ್ಷವಾಗಿತ್ತು, ಬೆಟ್ಟಿ ಟ್ವಾರೋಗ್ ಎಂಬ ತರುಣಿಯಿಂದ. ಮಿದುಳಿನ ಒಂದು ರಸಕ್ಕೂ ಪ್ರಾಣಿಯ ನಡತೆಗೂ ನೇರ ನಂಟು ಹಿಡಿದುಕೊಟ್ಟದ್ದು ಈ ಬನದ ಬೇರು.

ಅದೇ ವರ್ಷ ಆ ಪ್ರಯೋಗಾಲಯಕ್ಕೆ ಸ್ವೀಡನ್ನಿನಿಂದ ಒಬ್ಬರು ಬಂದರು. ಹೆಸರು ಅರ್ವಿಡ್ ಕಾರ್ಲ್‌ಸನ್. 1923ರಲ್ಲಿ ಉಪ್ಸಾಲಾದಲ್ಲಿ ಹುಟ್ಟಿ ಲುಂಡ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ ಬೆಳೆದವರು, ಇತಿಹಾಸದ ಪ್ರಾಧ್ಯಾಪಕರ ಮಗ. ಅಲ್ಲಿಯವರೆಗೆ ದೇಹದಲ್ಲಿ ಕ್ಯಾಲ್ಸಿಯಂ ಹೇಗೆ ಓಡಾಡುತ್ತದೆ ಎಂದು ಅಭ್ಯಾಸ ಮಾಡುತ್ತಿದ್ದರು. ಆ ವಿಷಯ ಔಷಧಶಾಸ್ತ್ರಕ್ಕೆ ಅಷ್ಟು ಮುಖ್ಯವಲ್ಲ ಎಂಬ ಕಾರಣಕ್ಕೆ ಅವರಿಗೆ ಒಂದು ಹುದ್ದೆ ಕೈತಪ್ಪಿತು. ಹಾಗೆ ದಾರಿ ಬದಲಿಸಿದರು. ಐದು ತಿಂಗಳು ಬೆಥೆಸ್ಡಾದಲ್ಲಿ ಕಲಿತು ಊರಿಗೆ ಮರಳುವಾಗ ಒಂದು ಪ್ರಶ್ನೆ ಕಟ್ಟಿಕೊಂಡು ಹೋದರು: ಬರಿದಾಗುವುದು ಸೆರೊಟೋನಿನ್ ಒಂದೆಯೇ? ಲುಂಡ್‌ನಲ್ಲಿ ನಿಲ್ಸ್-ಓಕೆ ಹಿಲ್ಲಾರ್ಪ್ ಜೊತೆ ಕೂತು ನೋಡಿದರೆ ನಾರ್‌ಅಡ್ರಿನಾಲಿನ್ ಎಂಬ ಇನ್ನೊಂದು ರಸ ಕೂಡ ಬರಿದಾಗಿತ್ತು.

ಆಮೇಲೆ ಮೊಲಗಳು. ಸ್ವಾಮಿ, ಆ ಮೊಲಗಳ ವಿಷಯ ಬಂದಾಗ ನನ್ನ ದನಿ ತಗ್ಗುತ್ತದೆ. ರೆಸರ್ಪಿನ್ ಕೊಟ್ಟ ಮೊಲ ಸಾಯುವುದಿಲ್ಲ, ನಿದ್ದೆ ಹೋಗುವುದೂ ಇಲ್ಲ. ಕಿವಿ ಜೋತುಬೀಳುತ್ತದೆ. ಇಟ್ಟಲ್ಲಿ ಇಟ್ಟಂತೆ ಕೂತಿರುತ್ತದೆ. ಅದರ ಕಾಲಿಗೆ ಏನೂ ಆಗಿಲ್ಲ, ಎಲುಬು ಗಟ್ಟಿಯಾಗಿದೆ, ಮಾಂಸಖಂಡ ಸರಿಯಾಗಿದೆ, ಎದುರಿಗೆ ಮೇವಿದೆ. ಉಣ್ಣಲಿಕ್ಕಿಲ್ಲವೇ, ಎಂತ ಕಡಿಮೆಯಾಗಿದೆ? ಕಾರ್ಲ್‌ಸನ್ ಕೇಳಿದ್ದೂ ಅದನ್ನೇ. ನಮ್ಮ ದೊಡ್ಡಪ್ಪ ಕೇಳಿದ ಅದೇ ಮಾತು. ಆದರೆ ಅವರು ಮೊಲವನ್ನು ಗದರಲಿಲ್ಲ. ಉತ್ತರ ಇದೆ ಎಂದು ನಂಬಿ ಕೇಳಿದರು. ಏನೋ ನಿಜವಾಗಿಯೇ ಕಡಿಮೆಯಾಗಿದೆ, ಅದು ಯಾವುದು ಎಂದು ಕೇಳಿದರು.

ಬರಿದಾದ ವಸ್ತುವನ್ನೇ ನೇರ ಕೊಡೋಣವೆಂದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಹಾಗಾಗಿ ಮಿದುಳು ತಾನೇ ಮಾಡಿಕೊಳ್ಳಲಿ ಎಂದು ಕಚ್ಚಾ ಪದಾರ್ಥ ಕೊಟ್ಟರು. ಸೆರೊಟೋನಿನ್ ಆಗಬಲ್ಲ ಪದಾರ್ಥ ಕೊಟ್ಟಾಗ ಮೊಲ ಏಳಲಿಲ್ಲ. ನಾರ್‌ಅಡ್ರಿನಾಲಿನ್ ಆಗಬಲ್ಲ ಡೋಪಾ ಕೊಟ್ಟರು. ಕಾಲು ಗಂಟೆಯೊಳಗೆ ಕಿವಿ ನಿಮಿರಿತು. ಮೊಲ ಎದ್ದು ಓಡಾಡಿತು. 1957ರಲ್ಲಿ ಲಿಂಡ್‌ಕ್ವಿಸ್ಟ್, ಮಾಗ್ನುಸನ್ ಎಂಬ ಇಬ್ಬರು ಸಹೋದ್ಯೋಗಿಗಳ ಜೊತೆ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಬರೆದರು. ಬರಹ ತೀರ ಚಿಕ್ಕದು. ವರ್ಷ ವರ್ಷ ತರಗತಿಯಲ್ಲಿ ಅದನ್ನು ಹೇಳಿದ್ದೇನೆ, ಹೇಳುವಾಗೆಲ್ಲ ಮೈ ಜುಮ್ಮೆಂದಿದೆ.

ಅಲ್ಲಿ ಇನ್ನೊಂದು ಸೋಜಿಗವಿತ್ತು. ಎದ್ದ ಮೊಲದ ಮಿದುಳಿನಲ್ಲಿ ಹುಡುಕಿದರೆ ನಾರ್‌ಅಡ್ರಿನಾಲಿನ್ ಮರಳಿರಲಿಲ್ಲ. ಹಾಗಾದರೆ ಮೊಲವನ್ನು ಎಬ್ಬಿಸಿದ್ದು ಯಾವುದು? ಡೋಪಾದಿಂದ ನಾರ್‌ಅಡ್ರಿನಾಲಿನ್‌ಗೆ ಹೋಗುವ ಹಾದಿಯ ನಡುವೆ ಡೋಪಮೀನ್ ಎಂಬುದೊಂದಿದೆ. ಅದಕ್ಕೆ ಸ್ವಂತದ ಕೆಲಸವಿಲ್ಲ, ಹಾದಿಯ ನಡುವಿನ ತಂಗುದಾಣವಷ್ಟೇ ಎಂದುಕೊಂಡಿದ್ದರು. ಕಾರ್ಲ್‌ಸನ್‌ರ ಗುಂಪು ಅದನ್ನು ಅಳೆಯುವ ಬಗೆ ಕಂಡುಹಿಡಿದು 1958ರಲ್ಲಿ ತೋರಿಸಿತು: ಡೋಪಮೀನ್ ಮಿದುಳಿನಲ್ಲಿ ಇದೆ, ರೆಸರ್ಪಿನ್‌ನಿಂದ ಖಾಲಿಯಾಗುತ್ತದೆ, ಡೋಪಾ ಕೊಟ್ಟರೆ ಮರಳುತ್ತದೆ. ತಂಗುದಾಣ ಎಂದುಕೊಂಡದ್ದೇ ಊರಾಗಿತ್ತು. ಮೊಲದ ಆ ಸ್ತಬ್ಧತೆ ಪಾರ್ಕಿನ್ಸನ್ ರೋಗದ ಮೂಲವನ್ನು ತೋರಿಸಿತು. ಸ್ವಲ್ಪ ಸಮಯದಲ್ಲೇ ವಿಯೆನ್ನಾದ ಓಲೆ ಹೋರ್ನಿಕಿಯೆವಿಚ್, ಆ ರೋಗದಿಂದ ತೀರಿಕೊಂಡವರ ಮಿದುಳಿನಲ್ಲಿ ಡೋಪಮೀನ್ ಬತ್ತಿರುವುದನ್ನು ಕಂಡರು. ಹಾಸಿಗೆಯಿಂದ ಏಳಲಾಗದಿದ್ದ ರೋಗಿಗಳು ಡೋಪಾದಿಂದ ಎದ್ದು ನಡೆದರು.

ನಾಗದೇವರೇ, ಆ ಮೊಲಗಳಿಗೂ ಇವತ್ತಿನ ಹಾಲಿನಲ್ಲಿ ಪಾಲು ಸಲ್ಲಲಿ. ಅವುಗಳಿಗೆ ಹೆಸರಿರಲಿಲ್ಲ. ತಮ್ಮ ಮೈಯೊಳಗೆ ಮನುಷ್ಯರ ಕತ್ತಲೆಯನ್ನು ಹೊತ್ತು ಕೂತವು ಅವು. ಅವುಗಳಲ್ಲಿ ಕೆಲವು ಎದ್ದವು, ಆಮೇಲೆ ಅವುಗಳ ಮಿದುಳನ್ನೂ ತೆಗೆದು ಅರೆದು ಅಳೆದರು. ನನ್ನ ಮನೆಗೆ ಮಾತ್ರೆ ಬಂದ ಹಾದಿಯಲ್ಲಿ ಅವುಗಳ ರಕ್ತವಿದೆ ಎಂಬುದನ್ನು ಮುಚ್ಚಿಟ್ಟು ನಾನು ಕೃತಜ್ಞತೆ ಹೇಳಲಾರೆ.

ಕಾರ್ಲ್‌ಸನ್‌ರ ಮಾತನ್ನು ಮೊದಲಿಗೆ ದೊಡ್ಡವರು ನಂಬಲಿಲ್ಲ. 1960ರ ಲಂಡನ್ ಗೋಷ್ಠಿಯಲ್ಲಿ ಆ ವಿದ್ಯೆಯ ಹಿರಿಯರೆಲ್ಲ ಸೇರಿದ್ದರು. ಮಿದುಳಿನೊಳಗೆ ನರದಿಂದ ನರಕ್ಕೆ ಮಾತು ಹೋಗುವುದು ರಸಗಳಿಂದ ಎಂಬುದನ್ನು ಒಪ್ಪಲು ಹೆಚ್ಚಿನವರು ತಯಾರಿರಲಿಲ್ಲ. ಡೋಪಾ ಒಂದು ವಿಷ ಎಂದವರೂ ಇದ್ದರು. ಕಾರ್ಲ್‌ಸನ್ ವಾದದಲ್ಲಿ ಕಾಲ ಕಳೆಯದೆ ಊರಿಗೆ ಮರಳಿ ಕೆಲಸಕ್ಕೆ ಕೂತರು. ಅಷ್ಟರಲ್ಲಿ ಹಿಲ್ಲಾರ್ಪ್ ಮತ್ತು ಬೆಂಗ್ಟ್ ಫಾಲ್ಕ್ ಒಂದು ಉಪಾಯ ಕಂಡುಹಿಡಿದಿದ್ದರು. ಒಣಗಿಸಿದ ಮಿದುಳಿನ ತೆಳು ಪದರಕ್ಕೆ ಫಾರ್ಮಾಲ್ಡಿಹೈಡ್‌ನ ಆವಿ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೇರಳಾತೀತ ಬೆಳಕು ಹಾಯಿಸಿದರೆ, ಡೋಪಮೀನ್ ಮತ್ತು ನಾರ್‌ಅಡ್ರಿನಾಲಿನ್ ಇರುವ ನರಗಳು ಹಸಿರಾಗಿಯೂ ಸೆರೊಟೋನಿನ್ ಇರುವವು ಹಳದಿಯಾಗಿಯೂ ಹೊಳೆಯುತ್ತವೆ. ಯಾರೂ ವಾದಿಸಬೇಕಾಗಿರಲಿಲ್ಲ, ಕಣ್ಣಿಗೆ ಕಾಣುತ್ತಿತ್ತು. 1964ರಲ್ಲಿ ಅನ್ನಿಕಾ ದಾಲ್‌ಸ್ಟ್ರೋಮ್ ಮತ್ತು ಶೆಲ್ ಫುಕ್ಸೆ ಆ ನರಗಳ ನಕ್ಷೆ ಬರೆದರು. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿದ್ದರೆ ಸೆರೊಟೋನಿನ್ ಮಾಡುವವು ಬರೀ ಕೆಲವು ಲಕ್ಷ, ಅವೂ ಮಿದುಳ ಕಾಂಡದ ನಡುಗೆರೆಯ ಉದ್ದಕ್ಕೆ ಕೂಡಿಕೊಂಡಿವೆ. ಅಲ್ಲಿಂದ ಎಳೆಗಳು ಇಡೀ ಮಿದುಳಿಗೆ ಹೋಗುತ್ತವೆ. ಕಾರ್ತಿಕದ ಲಕ್ಷದೀಪ ನೋಡುವಾಗೆಲ್ಲ ನನಗೆ ಆ ಹಳದಿ ಚುಕ್ಕೆಗಳ ಚಿತ್ರ ನೆನಪಾಗುತ್ತದೆ. ಇಷ್ಟು ಚಿಕ್ಕ ಸಾಲಿನಿಂದ ಅಷ್ಟು ದೊಡ್ಡ ಊರಿಗೆ ಬೆಳಕು.

ಈಗ ನನ್ನ ತಪ್ಪಿನ ವಿಷಯ ಹೇಳಬೇಕು. ಇಷ್ಟೆಲ್ಲ ಮಾತಾಡಿದ್ದು ಅದನ್ನು ಮುಂದೆ ಮುಂದೆ ಹಾಕುವುದಕ್ಕೇ ಇರಬೇಕು.

ಹೋದ ವರ್ಷ ತಮ್ಮ ಫೋನ್ ಮಾಡಿದ. ‘ಅಕ್ಕಾ, ಅಮ್ಮ ಮತ್ತೆ ನಾರು ಹಿಡ್ಕೊಂಡು ಸುಮ್ಮನೆ ಕೂತಿದ್ದಾಳೆ’ ಅಂದ. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ನನಗೆ ಆ ವಾಕ್ಯ ಸಾಕಿತ್ತು. ಹದಿನೆಂಟು ವರ್ಷದಿಂದ ಔಷಧಶಾಸ್ತ್ರ ಕಲಿಸುವವಳು ನಾನು. ಆ ವಾರವೇ ತರಗತಿಯಲ್ಲಿ ರೆಸರ್ಪಿನ್ ಪಾಠ ಮಾಡಿದ್ದೆ, ಮೊಲದ ಜೋತುಬಿದ್ದ ಕಿವಿಯನ್ನು ಹಲಗೆಯ ಮೇಲೆ ಬರೆದು ತೋರಿಸಿದ್ದೆ. ಆದರೂ ಅಮ್ಮ ಫೋನಿಗೆ ಬಂದಾಗ ನನ್ನ ಬಾಯಿಂದ ಬಂದದ್ದು ಇದು: ‘ಅಮ್ಮಾ, ಮನಸ್ಸು ಗಟ್ಟಿ ಮಾಡ್ಕೊ. ಈಗ ನಿನಗೆಂತ ಕಡಿಮೆ?’

ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಅವರ ಮಾತು ನನ್ನ ನಾಲಿಗೆಯಲ್ಲಿ ಇಷ್ಟು ವರ್ಷ ಬದುಕಿತ್ತು. ಆ ಕಡೆಯಿಂದ ಅಮ್ಮ ತಡವಾಗಿ, ‘ಆಯ್ತು ಮಗಾ’ ಅಂದಳು. ಆ ‘ಆಯ್ತು’ ಇನ್ನೂ ನನ್ನ ಕಿವಿಯಲ್ಲಿದೆ. ನನ್ನನ್ನು ಸಮಾಧಾನ ಮಾಡಲು ಅವಳು ತನ್ನಲ್ಲಿ ಉಳಿದಿದ್ದ ಚೂರುಪಾರು ಬಲವನ್ನೂ ಖರ್ಚು ಮಾಡಿದ್ದಳು. ಮನಸ್ಸು ಗಟ್ಟಿ ಮಾಡಿಕೊಳ್ಳುವುದಕ್ಕೂ ಒಂದು ಮನಸ್ಸು ಬೇಕು, ಆ ಮನಸ್ಸು ನಿಂತಿರುವುದು ಮೈಯೊಳಗಿನ ರಸ, ಎಳೆ, ಕೋಶಗಳ ಮೇಲೆ. ಬತ್ತಿದ ಬಾವಿಯ ಎದುರು ನಿಂತು ನೀರು ಕೊಡಲು ಧೈರ್ಯ ಮಾಡು ಎಂದು ಯಾರೂ ಹೇಳುವುದಿಲ್ಲ. ನಾನು ಅಮ್ಮನಿಗೆ ಹೇಳಿದೆ. ಅದನ್ನು ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ, ಅದು ಅವಳು ಕ್ಷಮಿಸಬೇಕಾದದ್ದು. ನನ್ನ ನಾಲಿಗೆಗೆ ಆ ಮಾತು ಮತ್ತೆ ಬಾರದಂತೆ ನೋಡಿಕೊ ಎಂದಷ್ಟೇ ಕೇಳುತ್ತೇನೆ.

ಮರುದಿನ ಬಸ್ಸು ಹಿಡಿದು ಬಂದೆ. ತಮ್ಮ, ನಾನು ಸೇರಿ ಅಮ್ಮನನ್ನು ಪೇಟೆಯ ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದೆವು. ಆಕೆಗೆ ನನ್ನ ಕಿರಿ ತಂಗಿಯ ವಯಸ್ಸು. ‘ಅಮ್ಮಾ, ಬೆಳಿಗ್ಗೆ ಎದ್ದ ಕೂಡಲೇ ಜಾಸ್ತಿಯಾ, ಸಂಜೆಗೆ ಜಾಸ್ತಿಯಾ? ಊಟದ ರುಚಿ ಗೊತ್ತಾಗ್ತದಾ? ಎಷ್ಟು ಹೊತ್ತಿಗೆ ಎಚ್ಚರ ಆಗ್ತದೆ?’ ಎಂದು ಒಂದೊಂದಾಗಿ ಕೇಳಿ ಪ್ರತಿ ಉತ್ತರಕ್ಕೂ ಕಾದರು. ಅಮ್ಮನ ಮಾತು ತಡವಾಗಿ ಬರುವುದನ್ನು ಅವರು ತಡವೆಂದು ಎಣಿಸಲೇ ಇಲ್ಲ. ಬದುಕುವುದು ಬೇಡ ಅನ್ನಿಸಿದೆಯಾ ಎಂದೂ ಕೇಳಿದರು, ಅದೇ ದನಿಯಲ್ಲಿ. ಅಮ್ಮ ತಲೆಯಾಡಿಸಿದಳು. ಮೂವತ್ತೆಂಟು ವರ್ಷದಲ್ಲಿ ಅವಳನ್ನು ಯಾರೂ ಅದನ್ನು ಕೇಳಿರಲಿಲ್ಲ. ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಟ್ಟೆವು. ದಿನಕ್ಕೊಂದು ಸಣ್ಣ ಮಾತ್ರೆ. ‘ಇವತ್ತು ನುಂಗಿ ನಾಳೆ ಸರಿಯಾಗುವಂಥದ್ದಲ್ಲ. ಮೂರು ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳೆಸಬಹುದು. ನನ್ನನ್ನು ಕೇಳದೆ ನಿಲ್ಲಿಸಬೇಡಿ’ ಎಂದರು. ವಯಸ್ಸಾದವರಲ್ಲಿ ಈ ಮಾತ್ರೆಯಿಂದ ರಕ್ತದ ಸೋಡಿಯಂ ಇಳಿಯುವುದುಂಟು, ಎರಡು ವಾರಕ್ಕೆ ಅದನ್ನೂ ನೋಡೋಣ ಎಂದರು.

ಆ ಮಾತ್ರೆಯ ಹಿಂದೆಯೂ ಕಾರ್ಲ್‌ಸನ್ ಇದ್ದಾರೆ. ಖಿನ್ನತೆಗೆ ಕೆಲಸ ಮಾಡುವ ಮೊದಮೊದಲ ಮದ್ದುಗಳಲ್ಲೊಂದಾದ ಇಮಿಪ್ರಮಿನ್‌ನ ಗುಣವನ್ನು ಸ್ವಿಟ್ಜರ್ಲೆಂಡಿನ ಸರೋವರದ ದಡದ ಒಂದು ಆಸ್ಪತ್ರೆಯಲ್ಲಿ ರೋಲಾಂಡ್ ಕೂನ್ ಗಮನಿಸಿದ್ದು 1956ರಲ್ಲಿ, ಮೊದಲು ರೋಗಿಗಳ ಮುಖದಲ್ಲಿ. ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿದದ್ದು ಆಮೇಲೆ, ಬೆಥೆಸ್ಡಾದ ಜೂಲಿಯಸ್ ಆಕ್ಸೆಲ್‌ರಾಡ್‌ರಿಂದ. ಒಂದು ನರಕೋಶ ಇನ್ನೊಂದಕ್ಕೆ ಹೇಳಬೇಕಾದ ಮಾತನ್ನು ರಸದ ಹನಿಯಾಗಿ ನಡುವಿನ ಸಂದಿಗೆ ಬಿಡುತ್ತದೆ, ಹೇಳಿಯಾದ ಮೇಲೆ ಅದನ್ನು ತಾನೇ ಮರಳಿ ಹೀರಿಕೊಳ್ಳುತ್ತದೆ. ಇಮಿಪ್ರಮಿನ್ ಆ ಮರುಹೀರಿಕೆಗೆ ಅಡ್ಡ ನಿಲ್ಲುತ್ತದೆ, ಮಾತು ಸಂದಿಯಲ್ಲಿ ಇನ್ನಷ್ಟು ಹೊತ್ತು ಉಳಿಯುತ್ತದೆ. ಈ ಜಾತಿಯ ಮದ್ದುಗಳಲ್ಲಿ ಕೆಲವು ಜನರನ್ನು ಚಟುವಟಿಕೆಗೆ ಎಬ್ಬಿಸುತ್ತವೆ, ಕೆಲವು ಮನಸ್ಸನ್ನು ಹಗುರ ಮಾಡುತ್ತವೆ ಎಂದು ಪಾಲ್ ಕೀಲ್‌ಹೋಲ್ಟ್ಸ್ ಎಂಬ ಮನೋವೈದ್ಯರು ಹಾಸಿಗೆಯ ಪಕ್ಕ ನಿಂತು ಕಂಡಿದ್ದರು. ಆ ಮಾತಿಗೆ ಕಾರ್ಲ್‌ಸನ್ ಕಿವಿಗೊಟ್ಟರು. ಮನಸ್ಸನ್ನು ಹಗುರ ಮಾಡುವವು ಸೆರೊಟೋನಿನ್‌ನ ಮರುಹೀರಿಕೆಯನ್ನು ಹೆಚ್ಚು ತಡೆಯುತ್ತವೆ ಎಂಬುದನ್ನು ಕಂಡರು. ಅದನ್ನೇ ಆರಿಸಿ ತಡೆಯುವ ಮದ್ದು ಮಾಡಬಹುದೇ ಎಂದು ಹಾನ್ಸ್ ಕೊರ್ರೋಡಿ, ಪೆಡರ್ ಬರ್ನ್ಟ್‌ಸನ್ ಎಂಬ ರಸಾಯನಜ್ಞರೊಂದಿಗೆ ಕೂಡಿ ಅಲರ್ಜಿಯ ಒಂದು ಮದ್ದನ್ನು ಬದಲಿಸುತ್ತ ಹೋದರು. ಜಿಮೆಲಿಡಿನ್ ಹುಟ್ಟಿತು. 1982ರಲ್ಲಿ ಅಂಗಡಿಗೆ ಬಂತು. ಮರುವರ್ಷವೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ತೆಗೆದುಕೊಂಡವರಲ್ಲಿ ಕೆಲವರಿಗೆ ಕೈಕಾಲು ಸೋಲುವ ಗಿಯಾನ್-ಬಾರೆ ಎಂಬ ನರರೋಗ ಬಂದಿತ್ತು.

ಆ ಕೆಲವರನ್ನೂ ನೆನೆಯುತ್ತೇನೆ. ಅವರು ಕತ್ತಲೆಯಿಂದ ಏಳಲೆಂದು ಮಾತ್ರೆ ನುಂಗಿದವರು.

ಜಿಮೆಲಿಡಿನ್ ಹೋಯಿತು, ಅದು ತೆರೆದ ದಾರಿ ಉಳಿಯಿತು. ಅಮೆರಿಕದ ಒಂದು ಕಂಪನಿ ತನ್ನದೇ ಹುಡುಕಾಟದಲ್ಲಿ ಮಾಡಿದ ಫ್ಲುಯೊಕ್ಸೆಟಿನ್‌ಗೆ 1987ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ಸಿಕ್ಕಿತು. 1987. ನಮ್ಮ ಜಗಲಿಯಲ್ಲಿ ಮೊಗ್ಗು ಬುಟ್ಟಿಯಲ್ಲೇ ಅರಳಿದ ವರ್ಷ. ಈ ಎರಡು ಸಂಗತಿ ಒಂದೇ ವರ್ಷದಲ್ಲಿ ನಡೆದವು ಎಂಬುದನ್ನು ಗಮನಿಸಿದ ದಿನ ನಾನು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಬಹಳ ಹೊತ್ತು ಅತ್ತೆ.

ಆ ಮೂರು ನಾಲ್ಕು ವಾರ ಹೇಗೆ ಕಳೆದವು ಎಂದು ಕೇಳಬೇಡ. ಮಾತ್ರೆ ಸಂದಿಯ ರಸವನ್ನು ಹೆಚ್ಚಿಸುವುದು ಕೆಲವೇ ಗಂಟೆಗಳಲ್ಲಿ. ಮನಸ್ಸಿಗೆ ಅದು ಗೊತ್ತಾಗುವುದು ವಾರಗಳ ಮೇಲೆ. ಇದು ಯಾಕೆ ಹೀಗೆ ಎಂದು ವಿಜ್ಞಾನಿಗಳು ಕೇಳುತ್ತ ಬಂದಿದ್ದಾರೆ. ರಸ ಹೆಚ್ಚಾದದ್ದಕ್ಕೆ ನರಕೋಶಗಳು ಹೊಂದಿಕೊಳ್ಳಬೇಕು, ಎಳೆಗಳು ಹೊಸದಾಗಿ ಚಿಗುರಬೇಕು. 2000ದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಡುಮನ್‌ರ ಗುಂಪು, ವಾರಗಟ್ಟಲೆ ಈ ಮದ್ದು ಕೊಟ್ಟ ಇಲಿಗಳ ಮಿದುಳಿನ ನೆನಪಿನ ಭಾಗದಲ್ಲಿ ಹೊಸ ಕೋಶಗಳು ಹುಟ್ಟುವುದನ್ನು ತೋರಿಸಿತು. ಅವರ ಬಳಿ ಕಲಿತ ವಿದಿತಾ ವೈದ್ಯ ಇವತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಎಳವೆಯಲ್ಲಿ ಉಂಡ ಕಷ್ಟ ದೊಡ್ಡವರಾದ ಮೇಲೆ ಮಿದುಳಿನಲ್ಲಿ ಹೇಗೆ ಉಳಿಯುತ್ತದೆ, ಸೆರೊಟೋನಿನ್ ಆ ಗುರುತನ್ನು ಹೇಗೆ ಹೊರುತ್ತದೆ ಎಂದು ಕೇಳುತ್ತಿದ್ದಾರೆ. ನಾನು ಅಮ್ಮನ ಮಂಚದ ಪಕ್ಕ ಕೂತು ಮನಸ್ಸಿನಲ್ಲಿ, ಚಿಗುರು, ಚಿಗುರು ಎಂದು ಜಪಿಸುತ್ತಿದ್ದೆ. ಅದೂ ಒಂದು ಪ್ರಾರ್ಥನೆಯೇ ಆಗಿತ್ತು ಎಂದುಕೊಳ್ಳುತ್ತೇನೆ.

ಸ್ವಾಮಿ, ನಿನ್ನ ಎದುರು ಸುಳ್ಳು ಹೇಳಬಾರದು. ಖಿನ್ನತೆ ಎಂದರೆ ಸೆರೊಟೋನಿನ್ ಕಡಿಮೆಯಾಗುವುದು ಎಂದು ನಾನೂ ಒಂದು ಕಾಲದಲ್ಲಿ ಮಕ್ಕಳಿಗೆ ಹೇಳಿಕೊಟ್ಟೆ. ಅದು ಹಾಲಿನ ಲೋಟದಷ್ಟು ಸರಳವಾಗಿಲ್ಲ. ಖಿನ್ನರಾದವರಲ್ಲಿ ಸೆರೊಟೋನಿನ್ ಕಡಿಮೆ ಎಂಬುದಕ್ಕೆ ಹತ್ತಾರು ವರ್ಷ ಹುಡುಕಿದರೂ ಒಂದೇ ಸಮನಾದ ಸಾಕ್ಷಿ ಸಿಕ್ಕಿಲ್ಲ. ರೆಸರ್ಪಿನ್ ತೆಗೆದುಕೊಂಡ ಬಿಪಿ ರೋಗಿಗಳು ಖಿನ್ನರಾದರು ಎಂಬ ಹಳೆಯ ವರದಿಗಳನ್ನೂ ಆಮೇಲಿನವರು ಅನುಮಾನದಿಂದ ನೋಡಿದ್ದಾರೆ. ಮಾತ್ರೆ ಎಲ್ಲರಿಗೂ ಹಿಡಿಯುವುದಿಲ್ಲ. ಮೊದಲ ಮಾತ್ರೆಯಲ್ಲೇ ಪೂರ್ತಿ ಗುಣ ಕಾಣುವವರು ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿನವರು. ಉಳಿದವರು ಇನ್ನೊಂದು ಮಾತ್ರೆ, ಮಾತಿನ ಚಿಕಿತ್ಸೆ, ಬೇರೆ ದಾರಿ ಹುಡುಕಬೇಕು. ಉತ್ತರ ಇನ್ನೂ ಪೂರ್ತಿಯಾಗಿಲ್ಲ. ಆದರೆ ಏನು ಬತ್ತಿದೆ ಎಂದು ಪ್ರೀತಿಯಿಂದ ಕೇಳುವ ಪ್ರಶ್ನೆ ಸರಿಯಾಗಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಬಾಗಿಲು ತೆರೆದದ್ದು ಆ ಪ್ರಶ್ನೆ.

ಆ ಉತ್ತರದ ಇನ್ನೊಂದು ತುಂಡು ಬೆಂಗಳೂರಿನಲ್ಲಿ ಸಿಕ್ಕಿದೆ. ವಿಜ್ಞಾನಿ ಸುಮಂತ್ರ ಚಟರ್ಜಿ, ಅವರ ವಿದ್ಯಾರ್ಥಿಗಳು ಮತ್ತು ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್ ಸೇರಿ 2002ರಲ್ಲಿ ಬರೆದ ಕೆಲಸ. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಇಲಿಗಳನ್ನು ಅಲುಗದಂತೆ ಕಟ್ಟಿಹಾಕಿದರು. ಮಿದುಳಿನ ನೆನಪಿನ ಭಾಗದಲ್ಲಿ ನರಕೋಶದ ಕೊಂಬೆಗಳು ಕುಗ್ಗಿದವು. ಭಯವನ್ನು ಕಾಯುವ ಅಮಿಗ್ಡಲಾ ಎಂಬ ಭಾಗದಲ್ಲಿ ಕೊಂಬೆಗಳು ಹಬ್ಬಿದವು. ಆಮೇಲಿನ ಇನ್ನೊಂದು ಕೆಲಸದಲ್ಲಿ, ಹೀಗೆ ಕಟ್ಟಿಹಾಕಿದ ಮೇಲೆ ಇಪ್ಪತ್ತೊಂದು ದಿನ ಇಲಿಗಳನ್ನು ನೆಮ್ಮದಿಯಾಗಿ ಬಿಟ್ಟು ನೋಡಿದರೆ ನೆನಪಿನ ಕೊಂಬೆ ಮರಳಿ ಚಿಗುರಿತ್ತು, ಭಯದ ಕೊಂಬೆ ಹಬ್ಬಿದ್ದು ಹಾಗೆಯೇ ಇತ್ತು.

ಇದನ್ನು ಓದಿದ ರಾತ್ರಿ ನಾನು ನಮ್ಮ ಹಳೆಯ ಮನೆಯನ್ನು ಬೇರೆ ಕಣ್ಣಿನಿಂದ ನೋಡಿದೆ. ಹದಿನೇಳಕ್ಕೆ ಮದುವೆಯಾಗಿ ಬಂದವಳು ಅಮ್ಮ. ಹನ್ನೆರಡು ಜನರ ಅಡುಗೆ, ದೊಡ್ಡಪ್ಪನ ಗಂಟಲು, ತವರಿಗೆ ಹೋಗಲು ಕೇಳಿದಾಗೆಲ್ಲ ಮುಂದಿನ ತಿಂಗಳು ಎಂಬ ಉತ್ತರ. ಅವಳನ್ನು ಯಾರೂ ಹಗ್ಗದಿಂದ ಕಟ್ಟಲಿಲ್ಲ. ಮಿದುಳಿನ ರಸಕ್ಕೆ ಮದ್ದು ಕೊಟ್ಟು, ಆ ಮಿದುಳು ಬದುಕುವ ಮನೆಯನ್ನು ಮೊದಲಿನಂತೆಯೇ ಬಿಟ್ಟರೆ ಅದು ಅರ್ಧ ಚಿಕಿತ್ಸೆ. ಆದ್ದರಿಂದ ನನ್ನ ಬೇಡಿಕೆಗಳಲ್ಲಿ ಇದನ್ನು ಮೊದಲಿಗೆ ಇಡುತ್ತೇನೆ: ಹೆಂಗಸರನ್ನು, ಮಕ್ಕಳನ್ನು, ಯಾರನ್ನೇ ಆದರೂ ಕಟ್ಟಿಹಾಕುವ ಮನೆಗಳ ಗಂಟು ಸಡಿಲಿಸು.

ಇನ್ನೂ ಬೇಡುತ್ತೇನೆ. ನಿಮ್ಹಾನ್ಸ್ ಮುಂದೆ ನಿಂತು ಮಾಡಿದ ರಾಷ್ಟ್ರೀಯ ಸಮೀಕ್ಷೆ 2016ರಲ್ಲಿ ಹೇಳಿತು, ಈ ದೇಶದ ದೊಡ್ಡವರಲ್ಲಿ ಇಪ್ಪತ್ತಕ್ಕೆ ಒಬ್ಬರು ಬದುಕಿನ ಯಾವುದೋ ಹೊತ್ತಿನಲ್ಲಿ ಖಿನ್ನತೆ ಕಂಡವರು, ಕಾಯಿಲೆ ಇರುವವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಚಿಕಿತ್ಸೆಯ ಹತ್ತಿರ ಸುಳಿಯದವರು. ಇವತ್ತು ತನು ಹಾಕಲು ಸಾಲಿನಲ್ಲಿ ನಿಂತವರಲ್ಲೇ ಅವರಿದ್ದಾರೆ. ನಿನ್ನ ಮುಂದೆ ದೋಷವೆಂದು ಹರಕೆ ಹೊರುವವರಿಗೆ, ಹರಕೆ ತೀರಿಸಿ ಹೋಗುವ ದಾರಿಯಲ್ಲೇ ಆಸ್ಪತ್ರೆಯ ಬಾಗಿಲನ್ನೂ ತೋರಿಸು. ನಿನ್ನ ಪೂಜೆಯನ್ನು ಬಿಡಬೇಕೆಂದು ನಾನು ಯಾರಿಗೂ ಹೇಳಲಾರೆ, ನಾನೇ ಬಿಟ್ಟಿಲ್ಲ. ಬಸ್ಸಿಗೆ ದುಡ್ಡಿಲ್ಲದವರಿಗೆ, ಊರಿನವರು ನೋಡಿಯಾರೆಂದು ಅಂಜುವವರಿಗೆ 14416 ಎಂಬ ನಂಬರು ನೆನಪಾಗಲಿ. 2022ರ ಅಕ್ಟೋಬರಿನಿಂದ ಸರ್ಕಾರ ನಡೆಸುವ ಟೆಲಿ ಮಾನಸ್ ಅದು, ಕಾಸಿಲ್ಲದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮತ್ತೆ ಈ ಗಿಡದ ಮೇಲಿನ ನನ್ನ ಮಾತು ಕೇಳಿ ಯಾರೂ ಬೇರು ಕಿತ್ತು ಅರೆದು ಕುಡಿಯದಿರಲಿ. ಇದು ಕೆರಳಿದ್ದನ್ನು ಇಳಿಸುವ ಬೇರು. ಇಳಿದವರನ್ನು ಎತ್ತುವುದು ಇದಕ್ಕೆ ಗೊತ್ತಿಲ್ಲ.

ಕಾರ್ಲ್‌ಸನ್‌ರಿಗೆ 2000ದಲ್ಲಿ ಪಾಲ್ ಗ್ರೀನ್‌ಗಾರ್ಡ್ ಮತ್ತು ಎರಿಕ್ ಕ್ಯಾಂಡೆಲ್ ಜೊತೆ ನೊಬೆಲ್ ಬಹುಮಾನ ಬಂತು. 2018ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಗೋಥೆನ್‌ಬರ್ಗ್‌ನಲ್ಲಿ ಮುದಿ ವಯಸ್ಸಿನವರೆಗೂ ಕೆಲಸ ಮಾಡಿದವರು. ನಿನ್ನ ಹೆಸರಿನ ಬೇರನ್ನು ಹಿಡಿದು ಇಷ್ಟು ದೂರ ನಡೆದವರ ಆತ್ಮಕ್ಕೆ, ನಿನಗೆ ಅಂಥ ಶಕ್ತಿಯಿದ್ದರೆ, ತಂಪು ಕೊಡು.

ಹೂವಿನ ವಿಷಯಕ್ಕೆ ಬಂದೆ. ಐದನೆಯ ವಾರ, ಒಂದು ಸಂಜೆ, ತೋಟದಿಂದ ಬಂದ ತಮ್ಮನನ್ನು ಅಮ್ಮ ಕೇಳಿದಳಂತೆ: ‘ಮೊಗ್ಗು ಎಷ್ಟು ಸಿಕ್ಕಿತು?’ ಅಷ್ಟೇ. ಮತ್ತೇನೂ ಹೇಳಲಿಲ್ಲ. ತಮ್ಮ ನನಗೆ ಫೋನ್ ಮಾಡಿ ಆ ಮೂರು ಶಬ್ದ ಹೇಳುವಾಗ ಅವನ ಗಂಟಲು ಕಟ್ಟಿತ್ತು. ಆಮೇಲೂ ಎಷ್ಟೋ ದಿನ ಅವಳು ಕಟ್ಟಲು ಕೂರಲಿಲ್ಲ. ಒಂದು ದಿನ ಸ್ವಲ್ಪ ಹಗುರ, ಮರುದಿನ ಮತ್ತೆ ಮೋಡ. ಮಾತ್ರೆಯ ಪ್ರಮಾಣ ಒಮ್ಮೆ ಬದಲಾಯಿತು. ಸಂಜೆ ತಮ್ಮನ ಮಗಳ ಕೈ ಹಿಡಿದು ಗದ್ದೆಯ ಅಂಚಿನವರೆಗೆ ನಡೆಯತೊಡಗಿದಳು, ತಿಂಗಳಿಗೊಮ್ಮೆ ತವರಿಗೆ ಹೋಗಿಬಂದಳು.

ಇವತ್ತು ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಜಗಲಿಯಲ್ಲಿ ದೀಪ ಉರಿಯುತ್ತಿತ್ತು. ಮಳೆಗಾಲ, ಗಿಡದಲ್ಲಿ ಮೊಗ್ಗು ಕಡಿಮೆ, ಸಿಕ್ಕಿದ್ದೂ ನೆನೆದಿತ್ತು. ಅಮ್ಮ ಒಬ್ಬಳೇ ಕೂತು ನಾರು ಹಿಡಿದಿದ್ದಳು. ಬೆರಳು ನಡೆಯುತ್ತಿತ್ತು. ಎರಡು ಈಚೆ, ಎರಡು ಆಚೆ. ನಾನು ಬಾಗಿಲ ಹಿಂದೆಯೇ ನಿಂತೆ, ಹತ್ತಿರ ಹೋಗಲಿಲ್ಲ.

ಇಗೋ, ಬಾಳೆಲೆ ತೆಗೆದೆ. ನೋಡು, ಶುರುವಿನಲ್ಲಿ ಗಂಟು ಸಡಿಲವಾಗಿದೆ, ಒಂದು ಕಡೆ ನಾರು ಹೊರಗೆ ಬಂದಿದೆ, ನಡುವೆ ಎಲ್ಲೋ ಮೂರೇ ಮೊಗ್ಗು ಸೇರಿವೆ. ತುದಿಗೆ ಬರುವಾಗ ಬಿಗಿಯಾಗಿದೆ. ನಾನು ಏನನ್ನೂ ಸರಿಮಾಡಿಲ್ಲ. ಅವಳು ಕಟ್ಟಿದ ಹಾಗೆಯೇ ಇದೆ. ಒಪ್ಪಿಸಿಕೊ.